ಸಿಗಡಿಯ ಡೇಟಾದಲ್ಲಿ ಸಿಕ್ಕ ವೈರಸ್ ಯಾರದ್ದು?

ಓದುಗರ ಪ್ರಶ್ನೆ: ನಾನು ವಾಸ್ಕೋದಲ್ಲಿರುವ ಕನ್ನಡತಿ. ಅಪ್ಪ ಬಂದರಿನ ಕೆಲಸಕ್ಕೆಂದು ಹಾವೇರಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು. ನಾನು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ವರ್ಷವಾಯಿತು. ಲ್ಯಾಬ್ ಕೆಲಸ ಇನ್ನೂ ಸಿಕ್ಕಿಲ್ಲ. ಕೈಯಲ್ಲಿ 16 ಜಿಬಿ ಮೆಮೊರಿಯ ಒಂದು ಲ್ಯಾಪ್‌ಟಾಪ್ ಇದೆ. ಎಲ್ಲರಿಗೂ ತೆರೆದಿಟ್ಟಿರುವ ಜೀನ್ ಡೇಟಾದಿಂದಲೇ ಸಿಗಡಿ, ಏಡಿಗಳ ಹೊಸ ವೈರಸ್ ಹುಡುಕುತ್ತಾರೆ ಎಂದು ಓದಿದೆ. ಇದು ನಿಜವೇ? ಮನೆಯಲ್ಲಿ ಕೂತು ನಾನೂ ಮಾಡಬಹುದೇ? ಇನ್ನೊಂದು ವಿಷಯ. ನಮ್ಮ ಪಕ್ಕದ ಮನೆಯ ಕಾಕಾ ಖಜಾನ್ ಜಮೀನಿನಲ್ಲಿ (ಉಬ್ಬರದ ನೀರಿಗೆ ಬದು ಕಟ್ಟಿದ ತಗ್ಗು ಜಮೀನು) ಸಿಗಡಿ ಕೆರೆ ಮಾಡಿದ್ದಾರೆ. ಹೋದ ವರ್ಷ ಬಿಳಿ ಚುಕ್ಕೆ ರೋಗ ಬಂದು ಇಡೀ ಬೆಳೆ ಹೋಯಿತು. 'ನೀನು ಹೊಸ ವೈರಸ್ ಹುಡುಕಿದರೆ ನನಗೇನು ಬಂತು? ಅಂಥ ಸಿಗಡಿ ತಿಂದವರಿಗೆ ಏನಾದರೂ ಆಗತ್ತಾ?' ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಜ. ನೀವೂ ಮಾಡಬಹುದು. ಲ್ಯಾಬ್ ಬೇಕಿಲ್ಲ, ನಿಮ್ಮ ಲ್ಯಾಪ್‌ಟಾಪ್ ಸಾಕು. ಆದರೆ ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ವೈರಸ್ಸಿನ ಹಾಗೆ ಕಾಣುವ ಸೀಕ್ವೆನ್ಸ್, ಅಂದರೆ ಜೀನ್ ಅಕ್ಷರಗಳ ಸಾಲು, ಹುಡುಕುವುದಕ್ಕೆ ಒಂದು ಸಂಜೆ ಸಾಕು. 'ಇದು ವೈರಸ್ಸೇ, ಇದು ಈ ಸಿಗಡಿಯದ್ದೇ' ಎಂದು ಧೈರ್ಯವಾಗಿ ಹೇಳುವುದಕ್ಕೆ ತಿಂಗಳುಗಳು ಬೇಕು. ನಾನು ಪುಣೆಯಲ್ಲಿ ಕೂತು ಇದೇ ಕೆಲಸ ಮಾಡುವವನು. ಈ ಎರಡನೆಯ ಭಾಗದಲ್ಲೇ ಜನ ಎಡವುವುದನ್ನು ನೋಡಿದ್ದೇನೆ. ನಾನೂ ಎಡವಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಬೇರೆಯವರ ಡೇಟಾದಲ್ಲಿ ವೈರಸ್ ಯಾಕೆ ಇರುತ್ತದೆ? ನೀರಿನ ಉಪ್ಪು ಕಡಿಮೆಯಾದಾಗ ಸಿಗಡಿಯ ಕಿವಿರಿನಲ್ಲಿ ಯಾವ ಜೀನ್‌ಗಳು ಚುರುಕಾಗುತ್ತವೆ ಎಂದು ಒಬ್ಬ ವಿಜ್ಞಾನಿಗೆ ತಿಳಿಯಬೇಕು ಅಂದುಕೊಳ್ಳಿ. ಅವರು ಕಿವಿರು ಕತ್ತರಿಸಿ, ಅರೆದು, ಆರ್‌ಎನ್‌ಎ ತೆಗೆದು ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡುತ್ತಾರೆ. ಆ ಆರ್‌ಎನ್‌ಎ ಯಾರದ್ದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸಿಗಡಿಯದ್ದನ್ನೂ ಓದುತ್ತದೆ, ಕಿವಿರಿಗೆ ಅಂಟಿದ್ದ ಬ್ಯಾಕ್ಟೀರಿಯಾದ್ದನ್ನೂ ಓದುತ್ತದೆ, ಪಾಚಿಯದ್ದನ್ನೂ ಓದುತ್ತದೆ. ಒಳಗೆ ವೈರಸ್ ಇದ್ದರೆ ಅದನ್ನೂ ಓದುತ್ತದೆ. ವಿಜ್ಞಾನಿ ತಮಗೆ ಬೇಕಾದ ಸಿಗಡಿ ಜೀನ್‌ಗಳನ್ನು ಮಾತ್ರ ಆರಿಸಿಕೊಂಡು ಲೇಖನ ಬರೆಯುತ್ತಾರೆ. ಓದಿದ ಕಚ್ಚಾ ಡೇಟಾ ಇಡಿಯಾಗಿ ಸಾರ್ವಜನಿಕ ಭಂಡಾರಕ್ಕೆ ಹೋಗುತ್ತದೆ. ಉಳಿದದ್ದನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ.

ಆ ಭಂಡಾರದ ಹೆಸರು ಸೀಕ್ವೆನ್ಸ್ ರೀಡ್ ಆರ್ಕೈವ್, ಚಿಕ್ಕದಾಗಿ ಎಸ್‌ಆರ್‌ಎ. ಅಮೆರಿಕ, ಯುರೋಪ್, ಜಪಾನ್ ಮೂರೂ ಕಡೆ ಇದರ ಕೇಂದ್ರಗಳಿವೆ, ಡೇಟಾವನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಒಂದು ರನ್‌ನ, ಅಂದರೆ ಯಂತ್ರ ಒಂದು ಸಲ ಓದಿದ ಡೇಟಾದ, ನಂಬರ್ ಎಸ್‌ಆರ್‌ಆರ್ ಎಂದು ಶುರುವಾದರೆ ಅದು ಅಮೆರಿಕದ ಕೇಂದ್ರಕ್ಕೆ ಕೊಟ್ಟದ್ದು. ಇಆರ್‌ಆರ್ ಆದರೆ ಯುರೋಪ್, ಡಿಆರ್‌ಆರ್ ಆದರೆ ಜಪಾನ್. ನಮ್ಮ ದೇಶದ ಡೇಟಾ ಇಡುವುದಕ್ಕೆ ಫರೀದಾಬಾದ್‌ನಲ್ಲಿ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ 2022ರಲ್ಲಿ ಉದ್ಘಾಟನೆಯಾಯಿತು. ಇವುಗಳಲ್ಲಿ ತೆರೆದಿಟ್ಟ ಡೇಟಾವನ್ನು ವಾಸ್ಕೋದ ನಿಮ್ಮ ಮನೆಯಿಂದ ಕಾಸು ಕೊಡದೆ ಇಳಿಸಿಕೊಳ್ಳಬಹುದು. ನನಗೆ ಇದು ಈಗಲೂ ದೊಡ್ಡ ಸಂಗತಿ ಅನಿಸುತ್ತದೆ.

ಇದರಿಂದ ಎಷ್ಟು ಸಿಗುತ್ತದೆ ಎಂದು ತಿಳಿಯಲು ಮೂರು ಕೆಲಸಗಳನ್ನು ನೋಡಿ. 2016ರಲ್ಲಿ ಮಾಂಗ್ ಶಿ, ಯೊಂಗ್-ಜೆನ್ ಜಾಂಗ್, ಎಡ್ವರ್ಡ್ ಹೋಮ್ಸ್ ಮತ್ತು ಜೊತೆಗಾರರು ಚೀನಾದಲ್ಲಿ 220ಕ್ಕೂ ಜಾಸ್ತಿ ಜಾತಿಯ ಬೆನ್ನೆಲುಬಿಲ್ಲದ ಪ್ರಾಣಿಗಳ ಆರ್‌ಎನ್‌ಎ ಓದಿದರು. 1,445 ಹೊಸ ವೈರಸ್‌ಗಳು ಸಿಕ್ಕವು. ಅದರಲ್ಲಿ ಸಿಗಡಿ, ಏಡಿಗಳ ಪಾಲೂ ಇದೆ. ಇವರು ಡೇಟಾವನ್ನು ತಾವೇ ಮಾಡಿಕೊಂಡವರು. ಬೇರೆಯವರ ಡೇಟಾದಲ್ಲಿ ಹುಡುಕುವುದನ್ನು ದೊಡ್ಡ ಮಟ್ಟಕ್ಕೆ ಒಯ್ದದ್ದು 2022ರ ಸೆರಾಟಸ್ ಯೋಜನೆ. ರಾಬರ್ಟ್ ಎಡ್ಗರ್, ಆರ್ಟೆಮ್ ಬಬಾಯನ್ ಮತ್ತು ಜೊತೆಗಾರರು ಭಂಡಾರದ 57 ಲಕ್ಷ ಸ್ಯಾಂಪಲ್‌ಗಳನ್ನು ಜಾಲಾಡಿದರು. ಒಂದು ಲಕ್ಷಕ್ಕೂ ಜಾಸ್ತಿ ಹೊಸ ಆರ್‌ಎನ್‌ಎ ವೈರಸ್‌ಗಳ ಗುರುತು ಸಿಕ್ಕಿತು. ಅದಕ್ಕೂ ಮೊದಲು ಗೊತ್ತಿದ್ದದ್ದು ಸುಮಾರು 15,000.

ನನಗೆ ತುಂಬಾ ಇಷ್ಟವಾದದ್ದು ಮೂರನೆಯದು. ನಿಮ್ಮ ಕಾಕಾನ ಕೆರೆ ಹಾಳು ಮಾಡಿದ ಬಿಳಿ ಚುಕ್ಕೆ ವೈರಸ್ ಬಹಳ ಕಾಲ ಒಂಟಿಯಾಗಿತ್ತು. ನಿಮಾವಿರಿಡೇ ಎಂಬ ಅದರ ಕುಟುಂಬದಲ್ಲಿ ಬೇರೆ ಯಾರೂ ಗೊತ್ತಿರಲಿಲ್ಲ. ಮೂರು ಲಕ್ಷ ಅಕ್ಷರಗಳ ದೊಡ್ಡ ಡಿಎನ್‌ಎ ವೈರಸ್ ಅದು. ಎಲ್ಲಿಂದ ಬಂತು, ಅಣ್ಣ ತಮ್ಮಂದಿರು ಯಾರು, ಒಂದೂ ತಿಳಿದಿರಲಿಲ್ಲ. 2019ರಲ್ಲಿ ಜಪಾನಿನ ಸಂಶೋಧಕರು 14 ಕ್ರಸ್ಟೇಶಿಯನ್‌ಗಳ (ಸಿಗಡಿ, ಏಡಿಗಳ ಬಳಗ) ಜೀನೋಮ್ ಡೇಟಾ, ಅಂದರೆ ಪೂರ್ತಿ ಡಿಎನ್‌ಎಯ ಡೇಟಾ, ತೆಗೆದುಕೊಂಡು ಅದರೊಳಗೆ ಅಡಗಿದ್ದ ನೆಂಟರನ್ನು ಹುಡುಕಿದರು. ಐದು ಹೊಸ ನಿಮಾವೈರಸ್ ಜೀನೋಮ್‌ಗಳು ಸಿಕ್ಕವು. ಎಲ್ಲದರಲ್ಲೂ ಸಮಾನವಾಗಿರುವ 28 ಜೀನ್‌ಗಳ ಪಟ್ಟಿಯೂ ಸಿಕ್ಕಿತು. ಜಗತ್ತಿನ ಸಿಗಡಿ ಸಾಕಣೆಗೆ ಅತಿ ದೊಡ್ಡ ಶತ್ರುವಿನ ಮನೆತನ ಗೊತ್ತಾದದ್ದು ಹೀಗೆ, ಕೆರೆಗೆ ಇಳಿದಲ್ಲ, ಡೇಟಾ ಓದಿ.

ಈಗ ಕೆಲಸವನ್ನು ಹತ್ತಿರದಿಂದ ನೋಡೋಣ. ಆರ್‌ಎನ್‌ಎ ವೈರಸ್‌ಗಳಿಂದ ಶುರು ಮಾಡಿ, ಅದು ಸುಲಭ. ಆರ್‌ಎನ್‌ಎ ನೋಡಿಕೊಂಡು ಆರ್‌ಎನ್‌ಎ ನಕಲು ಮಾಡುವ ಒಂದು ಕಿಣ್ವ ಈ ವೈರಸ್‌ಗಳಿಗೆ ಬೇಕೇ ಬೇಕು. ಆರ್‌ಡಿಆರ್‌ಪಿ ಎನ್ನುತ್ತೇವೆ. ಸಿಗಡಿಯ ಜೀವಕೋಶದ ಮಾಮೂಲಿ ಕೆಲಸಕ್ಕೆ ಈ ಬಗೆಯ ಕಿಣ್ವ ಬೇಕಿಲ್ಲ. ಹಾಗಾಗಿ ಸಿಗಡಿ ಡೇಟಾದಲ್ಲಿ ಆರ್‌ಡಿಆರ್‌ಪಿ ಕಂಡರೆ ಅಲ್ಲಿ ವೈರಸ್ಸಿನ ಗುರುತು ಬಿದ್ದಿದೆ ಎಂದೇ ಮೊದಲ ಊಹೆ. ವೈರಸ್‌ಗಳು ಬೇಗ ಬೇಗ ಬದಲಾಗುತ್ತವೆ. ಆದರೂ ಈ ಕಿಣ್ವದ ನಟ್ಟನಡುವಿನ ಸುಮಾರು 100 ಅಮೈನೋ ಆಮ್ಲಗಳ ಭಾಗ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಅಲ್ಲಿ ಎ, ಬಿ, ಸಿ ಎಂದು ಮೂರು ಗುರುತುಗಳಿವೆ.

ಸಿ ಗುರುತನ್ನೇ ನೋಡಿ. ಜೋಡಿಸಿದ ಸೀಕ್ವೆನ್ಸ್‌ನಲ್ಲಿ ಒಂದು ಕಡೆ ಜಿ ಜಿ ಟಿ, ಜಿ ಎ ಟಿ, ಜಿ ಎ ಸಿ ಎಂಬ ಒಂಬತ್ತು ಅಕ್ಷರ ಬರುತ್ತವೆ ಅಂದುಕೊಳ್ಳಿ. ಮೂರು ಮೂರಾಗಿ ಪ್ರೋಟೀನ್‌ಗೆ ತಿರುಗಿಸಿದರೆ ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಮತ್ತೊಂದು ಆಸ್ಪಾರ್ಟಿಕ್ ಆಮ್ಲ. ನಾವು ಇದನ್ನು ಜಿಡಿಡಿ ಎನ್ನುತ್ತೇವೆ. ಕಿಣ್ವ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಜಾಗ ಇದೇ. ಸಿಗಡಿಯ ಹಳದಿ ತಲೆ ವೈರಸ್ ಇರುವ ಗುಂಪಿನಲ್ಲಿ ಇದೇ ಜಾಗದಲ್ಲಿ ಎಸ್‌ಡಿಡಿ ಇರುತ್ತದೆ. ಸುಮ್ನೆ ಜಿಡಿಡಿ ಕಂಡಿತು ಎಂದು ಖುಷಿಪಡಬೇಡಿ. ಮೂರೇ ಅಕ್ಷರ ಯಾವ ಪ್ರೋಟೀನ್‌ನಲ್ಲಿ ಬೇಕಾದರೂ ಅಕಸ್ಮಾತ್ತಾಗಿ ಬರಬಹುದು. ಅದರ ಹಿಂದೆ ಸರಿಯಾದ ದೂರದಲ್ಲಿ ಎ, ಬಿ ಗುರುತುಗಳೂ ಇವೆಯೇ ನೋಡಬೇಕು. ಮೂರೂ ಸಾಲಾಗಿ ಕಂಡ ದಿನ ಆಗುವ ಸಂತೋಷ ನಿಮಗೂ ಆಗಲಿ ಎಂದು ಹಾರೈಸುತ್ತೇನೆ.

ಸಾಫ್ಟ್‌ವೇರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇದು ಎಲ್ಲ ಕಡೆ ಸಿಗುವ ಮಾಹಿತಿ. ಎಸ್‌ಆರ್‌ಎ ಟೂಲ್‌ಕಿಟ್‌ನಿಂದ ರನ್ ಇಳಿಸಿಕೊಳ್ಳಿ. ಫಾಸ್ಟ್‌ಪಿಯಿಂದ ಕೊಳೆ ತೆಗೆಯಿರಿ. ಚೂರುಗಳನ್ನು ಜೋಡಿಸಲು ಟ್ರಿನಿಟಿ ಬಳಸಿದರೆ ಹತ್ತು ಲಕ್ಷ ಜೋಡಿ ರೀಡ್‌ಗೆ (ಯಂತ್ರ ಓದಿದ ಒಂದೊಂದು ಚೂರೂ ಒಂದು ರೀಡ್) ಸುಮಾರು 1 ಜಿಬಿ ಮೆಮೊರಿ ಬೇಕು, ನಿಮ್ಮ 16 ಜಿಬಿ ಬೇಗ ಮುಗಿದುಹೋಗುತ್ತದೆ. ಮೆಗಾಹಿಟ್ ಕಡಿಮೆ ಮೆಮೊರಿಯಲ್ಲಿ ಕೆಲಸ ಮಾಡುತ್ತದೆ, ಅದೇ ಸಾಕು. ಜೋಡಿಸಿ ಬಂದ ಉದ್ದ ಸೀಕ್ವೆನ್ಸ್‌ಗಳನ್ನು ಕಾಂಟಿಗ್ ಎನ್ನುತ್ತೇವೆ. ಅವನ್ನು ಡೈಮಂಡ್ ಎಂಬ ಪ್ರೋಗ್ರಾಂನಿಂದ ಆರ್‌ಡಿಆರ್‌ಪಿ ಪ್ರೋಟೀನ್‌ಗಳ ಪಟ್ಟಿಯ ಜೊತೆ ಹೋಲಿಸಿ. ಲ್ಯಾಪ್‌ಟಾಪ್ ಸೋತರೆ ಗ್ಯಾಲಕ್ಸಿ ಎಂಬ ಸಾರ್ವಜನಿಕ ಸರ್ವರ್‌ನಲ್ಲಿ ಉಚಿತ ಖಾತೆ ತೆರೆಯಿರಿ. ಇಷ್ಟೆಲ್ಲಾ ಮಾಡುವ ಮೊದಲು ಆ ರನ್ ನಂಬರನ್ನು ಸೆರಾಟಸ್‌ನಲ್ಲಿ ಹಾಕಿ ನೋಡಿ. ಅವರ ಫಲಿತಾಂಶಗಳೂ ಎಲ್ಲರಿಗೂ ತೆರೆದಿವೆ. ಯಾರಾದರೂ ಆಗಲೇ ಕಂಡದ್ದನ್ನೇ ನೀವು ಮತ್ತೆ ಹುಡುಕುವುದು ತಪ್ಪುತ್ತದೆ.

ರನ್ ಆರಿಸುವಾಗ ಒಂದು ಸಾಲನ್ನು ತಪ್ಪದೆ ಓದಿ. ಆರ್‌ಎನ್‌ಎಯನ್ನು ಹೇಗೆ ಆರಿಸಿಕೊಂಡಿದ್ದಾರೆ ಎಂದು ಅಲ್ಲಿ ಬರೆದಿರುತ್ತದೆ. ಜೀವಕೋಶದ ಆರ್‌ಎನ್‌ಎಯಲ್ಲಿ ಬಹುಪಾಲು ಪ್ರೋಟೀನ್ ಕಟ್ಟುವ ರೈಬೋಸೋಮ್‌ನದ್ದು, ಅದು ಯಾರಿಗೂ ಬೇಡ. ಅದನ್ನು ಬಿಡಿಸಲು ಕೆಲವರು ಪಾಲಿ-ಎ ಬಾಲ (ತುದಿಯಲ್ಲಿ ಸಾಲಾಗಿ ಬರುವ ಎ ಅಕ್ಷರಗಳು) ಇರುವ ಆರ್‌ಎನ್‌ಎಯನ್ನು ಮಾತ್ರ ಹಿಡಿಯುತ್ತಾರೆ. ಕೆಲವರು ರೈಬೋಸೋಮ್‌ನದ್ದನ್ನು ತೆಗೆದು ಉಳಿದದ್ದೆಲ್ಲವನ್ನೂ ಓದುತ್ತಾರೆ. ವೈರಸ್ ಹುಡುಕುವವರಿಗೆ ಎರಡನೆಯದೇ ಒಳ್ಳೆಯದು. ಡೈಸಿಸ್ಟ್ರೋವೈರಸ್‌ಗಳಿಗೆ ಬಾಲ ಇರುತ್ತದೆ, ಮೊದಲ ಬಗೆಯಲ್ಲೂ ಸಿಗುತ್ತವೆ. ನೋಡಾವೈರಸ್, ರಿಯೋವೈರಸ್‌ಗಳಿಗೆ ಬಾಲ ಇಲ್ಲ, ಅಲ್ಲಿ ಕಣ್ತಪ್ಪಿ ಹೋಗುತ್ತವೆ. 'ಈ ಏಡಿಯಲ್ಲಿ ನೋಡಾವೈರಸ್ ಇಲ್ಲ' ಎಂದು ಬರೆಯುವ ಮೊದಲು ಈ ಸಾಲು ನೋಡಿರಬೇಕು.

ಇನ್ನು ಕಷ್ಟದ ಭಾಗ. ಮುಂಬೈಯ ಮೀನು ಬಂದರು ಸಸೂನ್ ಡಾಕ್‌ಗೆ ಬೆಳಗಿನ ಜಾವ ಹೋಗಿದ್ದೀರಾ? ದೋಣಿಯಿಂದ ಬುಟ್ಟಿ ಇಳಿಯುತ್ತದೆ, ಕೋಳಂಬಿ ಕೋಳಂಬಿ (ಮರಾಠಿಯಲ್ಲಿ ಸಿಗಡಿ) ಎಂದು ಕೂಗು ಹಾಕುತ್ತಾರೆ. ಬುಟ್ಟಿ ಸುರಿದರೆ ಸಿಗಡಿಯ ಜೊತೆ ಸಣ್ಣ ಮೀನು, ಏಡಿಯ ಮುರಿದ ಕಾಲು, ಪಾಚಿ, ಒಂದಿಷ್ಟು ಜವಳಾ ಎಂಬ ಪುಟ್ಟ ಸಿಗಡಿ ಎಲ್ಲ ಬೀಳುತ್ತವೆ. ಸಿಗಡಿಯ ಡೇಟಾ ಅಂದರೂ ಹೀಗೇ. ಫೈಲ್ ಮೇಲೆ ಟೈಗರ್ ಸಿಗಡಿ ಎಂದು ಬರೆದಿದೆ. ಅಷ್ಟಕ್ಕೇ ಒಳಗಿನ ವೈರಸ್ ಟೈಗರ್ ಸಿಗಡಿಯದ್ದು ಎಂದು ಹೇಳಲಾಗದು, ಅಲ್ವಾ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಏಡಿಯ ಕಿವಿರಿನ ರನ್‌ನಲ್ಲಿ ಮೂರು ಚಿಕ್ಕ ಕಾಂಟಿಗ್ ಸಿಕ್ಕವು. ಡೈಮಂಡ್ ಫಲಿತಾಂಶದಲ್ಲಿ ಇಫ್ಲಾವೈರಸ್ ಎಂದು ಬಂದಿತ್ತು. ಇಫ್ಲಾವೈರಸ್‌ಗಳು ಕೀಟಗಳಲ್ಲೇ ಜಾಸ್ತಿ. ಏಡಿಯಲ್ಲಿ ಸಿಕ್ಕಿದೆಯಲ್ಲ ಎಂದು ರಾತ್ರಿಯಿಡೀ ಕೂತು ವಂಶವೃಕ್ಷ ಕಟ್ಟಿದೆ. ಬೆಳಗ್ಗೆ ಶಾಂತವಾಗಿ ಮತ್ತೊಮ್ಮೆ ನೋಡಿದೆ. ಪ್ರೋಟೀನ್ ಬಿಟ್ಟು ನೇರ ಅಕ್ಷರಗಳನ್ನೇ ಹೋಲಿಸಿದೆ. ಜೇನುನೊಣದ ರೆಕ್ಕೆ ಮುರುಟಿಸುವ ವೈರಸ್ ಜೊತೆ ನೂರಕ್ಕೆ 99 ಅಕ್ಷರ ಒಂದೇ. ಆ ಇಡೀ ರನ್‌ನಲ್ಲಿ ಅದಕ್ಕೆ ಸೇರಿದ ರೀಡ್‌ಗಳು 40 ಚಿಲ್ಲರೆ ಮಾತ್ರ. ಅದೇ ಕೇಂದ್ರದವರು ಅದೇ ವಾರ ಭಂಡಾರಕ್ಕೆ ಕೊಟ್ಟ ಬೇರೆ ರನ್‌ಗಳನ್ನು ತೆಗೆದು ನೋಡಿದೆ. ಜೇನುನೊಣದ ರನ್‌ಗಳು ಇದ್ದವು. ಅದರಲ್ಲಿ ಇದೇ ವೈರಸ್ ಲಕ್ಷಗಟ್ಟಲೆ ರೀಡ್‌ಗಳಲ್ಲಿ ತುಂಬಿತ್ತು. ಒಂದೇ ಯಂತ್ರದಲ್ಲಿ ಹಲವು ಸ್ಯಾಂಪಲ್ ಒಟ್ಟಿಗೆ ಓಡಿಸುವಾಗ ಪ್ರತಿಯೊಂದಕ್ಕೂ ಒಂದು ಬಾರ್‌ಕೋಡ್ ಅಂಟಿಸುತ್ತಾರೆ. ಸ್ವಲ್ಪ ಪ್ರಮಾಣದಲ್ಲಿ ಆ ಬಾರ್‌ಕೋಡ್ ಅದಲು ಬದಲಾಗುತ್ತದೆ. ಯಾರ ತಪ್ಪೂ ಅಲ್ಲ, ಯಂತ್ರದ ಗುಣ. ಆದರೆ ಇದು ಗೊತ್ತಿಲ್ಲದೆ 'ಏಡಿಯ ಹೊಸ ಇಫ್ಲಾವೈರಸ್' ಎಂದು ಪ್ರಕಟಿಸಿದ್ದರೆ ಆ ತಪ್ಪು ನನ್ನದಾಗುತ್ತಿತ್ತು. ಅಂದಿನಿಂದ ಯಾವ ಕಾಂಟಿಗ್ ಸಿಕ್ಕಿದರೂ ಮೊದಲು ಎಲ್ಲ ರೀಡ್‌ಗಳನ್ನು ಅದರ ಮೇಲೆ ಮತ್ತೆ ಕೂರಿಸಿ ನೋಡುತ್ತೇನೆ. ಈ ತುದಿಯಿಂದ ಆ ತುದಿಯವರೆಗೆ ಸಮನಾಗಿ ಹೊದ್ದುಕೊಂಡಿವೆಯೇ? ಒಂದೇ ಸ್ಯಾಂಪಲ್‌ನಲ್ಲಿದೆಯೇ, ಅದರ ಜೊತೆಯ ಸ್ಯಾಂಪಲ್‌ಗಳಲ್ಲೂ ಇದೆಯೇ? ಬೇರೆ ಊರಿನ ಬೇರೆ ಲ್ಯಾಬ್‌ನ ಡೇಟಾದಲ್ಲೂ ಸಿಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಹೌದು ಎಂದು ಉತ್ತರ ಬಂದರೆ ನನಗೆ ಬಹಳ ಸಮಾಧಾನ.

ಲ್ಯಾಬ್‌ನ ಸಾಮಾನಿನಿಂದಲೂ ವೈರಸ್ ಬರುತ್ತದೆ. ಪಾರ್ವೋವೈರಸ್ಸನ್ನು ಹೋಲುವ ಒಂದು ಹೊಸ ವೈರಸ್ ಹೆಪಟೈಟಿಸ್ ರೋಗಿಗಳಲ್ಲಿ ಸಿಕ್ಕಿದೆ ಎಂದು 2013ರಲ್ಲಿ ವರದಿಯಾಯಿತು. ಅದೇ ವರ್ಷ ಇನ್ನೊಂದು ತಂಡ ಅದರ ಜಾಡು ಹಿಡಿದು ಹೋಯಿತು. ನ್ಯೂಕ್ಲಿಕ್ ಆಮ್ಲ ಬೇರ್ಪಡಿಸುವ ಸಿಲಿಕಾ ಕಾಲಂಗಳಿಗೆ ಹೋಗಿ ಮುಟ್ಟಿತು. ಸಿಲಿಕಾಕ್ಕೆ ಅದು ಸಮುದ್ರದ ಡಯಾಟಮ್ ಪಾಚಿಗಳಿಂದ ಬಂದಿರಬಹುದು ಎಂದು ಅವರು ಹೇಳಿದರು. ರೋಗಿಗಳ ರಕ್ತಕ್ಕೂ ಆ ವೈರಸ್‌ಗೂ ಸಂಬಂಧವೇ ಇರಲಿಲ್ಲ. ಸಮುದ್ರದ ಪ್ರಾಣಿಗಳ ಡೇಟಾದಲ್ಲಿ ಇಂಥದ್ದು ಸಿಕ್ಕರೆ ಅನುಮಾನವೇ ಬರುವುದಿಲ್ಲ. ಅದಕ್ಕೇ ಇನ್ನೂ ಜಾಸ್ತಿ ಎಚ್ಚರ ಬೇಕು.

ಮುಂದಿನ ಅನುಮಾನ, ಇದು ಜೀವಂತ ವೈರಸ್ಸೋ, ಹಳೆಯ ಗುರುತೋ? ಕೆಲವು ವೈರಸ್‌ಗಳ ತುಂಡುಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಪ್ರಾಣಿಯ ಜೀನೋಮ್‌ಗೆ ಸೇರಿಕೊಂಡು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ಮನೆಯ ಸಂದಿಯಲ್ಲಿ ಸಿಗುವ, ಮುಟ್ಟಿದರೆ ಉಂಡೆಯಾಗುವ ಹುಳು ಗೊತ್ತಲ್ಲ, ಅದೂ ಕ್ರಸ್ಟೇಶಿಯನ್ನೇ. ಅದರ ಜೀನೋಮ್‌ನಲ್ಲೂ ಹಲವು ವೈರಸ್ ತುಂಡುಗಳಿವೆ. ಇದರಿಂದ ನಿಜವಾದ ತೊಂದರೆಯೂ ಆಗಿದೆ. ಐಎಚ್‌ಎಚ್‌ಎನ್‌ವಿ ಎಂಬ ಸಿಗಡಿ ವೈರಸ್‌ನ ತುಂಡುಗಳು ಆಫ್ರಿಕಾ ಮತ್ತು ಆಸ್ಟ್ರೇಲಿಯಾದ ಟೈಗರ್ ಸಿಗಡಿಗಳ ಜೀನೋಮ್‌ನೊಳಗೇ ಇವೆ ಎಂದು 2006ರಲ್ಲಿ ಗೊತ್ತಾಯಿತು. ಅಂಥ ಸಿಗಡಿಗೆ ಪಿಸಿಆರ್ ಪರೀಕ್ಷೆ (ಗೊತ್ತಿರುವ ಒಂದು ಸೀಕ್ವೆನ್ಸ್ ಇದೆಯೇ ಎಂದು ನಕಲು ಮಾಡಿ ನೋಡುವುದು) ಮಾಡಿದರೆ ವೈರಸ್ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ಪಾಸಿಟಿವ್ ಬಂದ ಮರಿಗಳನ್ನು ಯಾರು ಕೊಳ್ಳುತ್ತಾರೆ? ಆಮೇಲೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವ ಪ್ರೈಮರ್‌ಗಳನ್ನೇ (ಪಿಸಿಆರ್ ಎಲ್ಲಿಂದ ನಕಲು ಶುರು ಮಾಡಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಂಡುಗಳು) ಮಾಡಬೇಕಾಯಿತು.

ಪರೀಕ್ಷಿಸುವುದು ಕಷ್ಟವಿಲ್ಲ. ನಿಮ್ಮ ಕಾಂಟಿಗ್‌ನ ಪ್ರೋಟೀನ್ ನಡುನಡುವೆ ತುಂಡಾಗಿದೆಯೇ ನೋಡಿ. ಹಳೆಯ ಗುರುತಾದರೆ ನಿಲ್ಲಿಸು ಎಂಬ ಸಂಕೇತಗಳು ಎಲ್ಲೆಂದರಲ್ಲಿ ಬಂದಿರುತ್ತವೆ. ಅಕ್ಕಪಕ್ಕ ಸಿಗಡಿಯದೇ ಸೀಕ್ವೆನ್ಸ್ ಅಂಟಿಕೊಂಡಿದೆಯೇ ನೋಡಿ. ಅದೇ ಜಾತಿಯ ಡಿಎನ್‌ಎ ಡೇಟಾ ಭಂಡಾರದಲ್ಲಿದ್ದರೆ ಅಲ್ಲೂ ಹುಡುಕಿ. ಆರ್‌ಎನ್‌ಎ ವೈರಸ್ ಡಿಎನ್‌ಎ ಡೇಟಾದಲ್ಲಿ ಇರಬಾರದು. ಇದ್ದರೆ ಅದು ಜೀನೋಮ್‌ನ ಭಾಗ.

ಡಿಎನ್‌ಎ ವೈರಸ್ ಹುಡುಕುವಾಗ ಇನ್ನೊಂದು ಬಲೆ ಇದೆ. ಬಿಳಿ ಚುಕ್ಕೆ ವೈರಸ್‌ಗೆ ತನ್ನದೇ ಪ್ರೋಟೀನ್ ಕೈನೇಸ್, ಥೈಮಿಡಿಲೇಟ್ ಸಿಂಥೇಸ್, ಕೊಲ್ಲಾಜನ್ ಹೋಲುವ ಪ್ರೋಟೀನ್ ಎಲ್ಲ ಇವೆ. ಸಿಗಡಿಗೂ ಇವೆ. ನೀವು ವೈರಸ್‌ಗಳ ಪಟ್ಟಿಯ ಜೊತೆ ಮಾತ್ರ ಹೋಲಿಸಿದರೆ ಸಿಗಡಿಯ ಸ್ವಂತ ಕೊಲ್ಲಾಜನ್ ಕೂಡ ವೈರಸ್ ಎಂದು ಬರುತ್ತದೆ. ಹಾಗಾಗಿ ಮೊದಲ ಸೋಸುವಿಕೆಯಲ್ಲಿ ಉಳಿದ ಹತ್ತಿಪ್ಪತ್ತು ಕಾಂಟಿಗ್‌ಗಳನ್ನು ಎಲ್ಲ ಜೀವಿಗಳ ಪ್ರೋಟೀನ್ ಇರುವ ದೊಡ್ಡ ಪಟ್ಟಿಯ ಜೊತೆ ಮತ್ತೊಮ್ಮೆ ಹೋಲಿಸಿ. ಆ ಪಟ್ಟಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಿಡಿಸುವುದಿಲ್ಲ. ಅಮೆರಿಕದ ಡೇಟಾ ಕೇಂದ್ರ ಎನ್‌ಸಿಬಿಐನ ಬ್ಲಾಸ್ಟ್ ಎಂಬ ಹೋಲಿಕೆ ಪುಟದಲ್ಲೇ ಮಾಡಿ. ನಾನು ನೋಡಿರುವ ಹೊಸಬರಲ್ಲಿ ತುಂಬಾ ಜನ ಬಿಡುವ ಹೆಜ್ಜೆ ಇದು.

ಇಷ್ಟೆಲ್ಲ ದಾಟಿದ ಮೇಲೂ ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಸಿಗಡಿಯ ತಲೆಯೊಳಗಿನ ಕಂದು ಗ್ರಂಥಿ, ಅಂದರೆ ಹೆಪಟೊಪ್ಯಾಂಕ್ರಿಯಾಸ್, ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಅದರ ಡೇಟಾದಲ್ಲಿ ಸಿಕ್ಕದ್ದು ಸಿಗಡಿ ತಿಂದ ಹುಳುವಿನದ್ದಿರಬಹುದು, ಪಾಚಿಯದ್ದಿರಬಹುದು, ಹೊಟ್ಟೆಯಲ್ಲಿದ್ದ ಏಕಕೋಶಿ ಪರಾವಲಂಬಿಯದ್ದಿರಬಹುದು. ಬಾಲದ ಮಾಂಸದಲ್ಲೋ ರಕ್ತದಲ್ಲೋ ಸಿಕ್ಕರೆ ನಂಬಿಕೆ ಜಾಸ್ತಿಯಾಗುತ್ತದೆ. ವಂಶವೃಕ್ಷದಲ್ಲಿ ಅಕ್ಕಪಕ್ಕ ಇರುವವರು ಯಾರು ಎಂಬುದನ್ನೂ ನೋಡಿ. ಸುತ್ತಲೂ ಶಿಲೀಂಧ್ರದ ವೈರಸ್‌ಗಳೇ ಇದ್ದರೆ ಆ ಸಿಗಡಿ ನೀರಿನಲ್ಲಿ ಶಿಲೀಂಧ್ರ ತಿಂದಿದೆ ಎಂದು ಮೊದಲು ಯೋಚಿಸಿ. ನನಗೆ ಬಲವಾದ ಸಾಕ್ಷಿ ಅನಿಸುವುದು ಚಿಕ್ಕ ಆರ್‌ಎನ್‌ಎ ಡೇಟಾ. ಸಿಗಡಿಯ ಜೀವಕೋಶ ತನ್ನೊಳಗೆ ಹೊಕ್ಕ ವೈರಸ್‌ನ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತದೆ. ಆ ತುಂಡುಗಳು ಹೆಚ್ಚಾಗಿ 21, 22 ಅಕ್ಷರ ಉದ್ದ ಇರುತ್ತವೆ. ನಿಮ್ಮ ವೈರಸ್‌ನ ಎರಡೂ ಎಳೆಗಳಿಂದ ಅದೇ ಉದ್ದದ ತುಂಡುಗಳು ರಾಶಿಯಾಗಿ ಸಿಕ್ಕರೆ, ಪ್ರಾಣಿ ಅದರ ವಿರುದ್ಧ ಹೋರಾಡಿದೆ ಎಂದು ಅರ್ಥ. ತಿಂದ ಆಹಾರದ ವೈರಸ್ ಮೇಲೆ ಸಿಗಡಿಯ ಜೀವಕೋಶ ಹೀಗೆ ಕತ್ತರಿ ಹಾಕಿರುವ ಸಂಭವ ಕಡಿಮೆ.

ವೈರಸ್ ಪೂರ್ತಿ ಸಿಕ್ಕಿದೆಯೇ ಎಂಬುದನ್ನೂ ನೋಡಿ. ಸಿಹಿನೀರಿನ ದೊಡ್ಡ ಸಿಗಡಿಗೆ ಬಿಳಿ ಬಾಲ ರೋಗ ತರುವ ನೋಡಾವೈರಸ್‌ಗೆ ಎರಡು ತುಂಡು, ಒಂದು 3,200 ಅಕ್ಷರ, ಇನ್ನೊಂದು 1,200. ಆರ್‌ಡಿಆರ್‌ಪಿ ಇರುವುದು ದೊಡ್ಡದರಲ್ಲಿ. ಅದು ಸಿಕ್ಕಿತು ಎಂದು ನಿಲ್ಲಿಸಿದರೆ ಹೊರಕವಚದ ಜೀನ್ ಇರುವ ಚಿಕ್ಕ ತುಂಡು ಫೈಲಿನಲ್ಲೇ ಬಿದ್ದಿರುತ್ತದೆ.

ಸೀಕ್ವೆನ್ಸ್ ಆಗಿ ಶುರುವಾದದ್ದು ಮುಂದೆ ನಿಜವಾದ ವೈರಸ್ ಆಗಿ ಕಣ್ಣಿಗೆ ಕಂಡ ಉದಾಹರಣೆಯೂ ಇದೆ. 2016ರ ಆ ಪಟ್ಟಿಯಲ್ಲಿ ವೆನ್‌ಜೌ ಸಿಗಡಿ ವೈರಸ್ 8 ಎಂಬುದೊಂದಿತ್ತು. ಆಗ ಅದು ಬರೀ ಅಕ್ಷರಗಳ ಸಾಲು. ಕೆಲವು ವರ್ಷಗಳ ನಂತರ ಥಾಯ್ಲೆಂಡಿನ ಸಂಶೋಧಕರು ಸಾಕಿದ ವನ್ನಮೈ ಸಿಗಡಿಗಳಲ್ಲಿ ಅದನ್ನು ಕಂಡರು. ಹೆಪಟೊಪ್ಯಾಂಕ್ರಿಯಾಸ್‌ನ ಎಳೆಯ ಜೀವಕೋಶಗಳೊಳಗೆ ವಿಶೇಷವಾದ ಕಲೆಗಳನ್ನು ಮೈಕ್ರೋಸ್ಕೋಪ್‌ನಲ್ಲಿ ತೋರಿಸಿದರು. ಯಾರೋ ಅಕ್ಷರಗಳನ್ನು ಮೊದಲೇ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಅದಕ್ಕೇ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಎನ್ನುತ್ತೇನೆ. ನೀವು ಇವತ್ತು ಬರೆದಿಡುವ ಸಾಲನ್ನು ನಂಬಿ ನಾಳೆ ಇನ್ನೊಬ್ಬರು ಕೆರೆಗೆ ಇಳಿಯುತ್ತಾರೆ.

ಹೊಸದು ಸಿಕ್ಕಿ, ಎಲ್ಲ ಪರೀಕ್ಷೆ ಮುಗಿದ ಮೇಲೆ ಡೇಟಾ ಕೊಟ್ಟವರಿಗೆ ಒಂದು ಪತ್ರ ಬರೆಯಿರಿ. ಕಾನೂನು ಕೇಳದಿದ್ದರೂ ಮರ್ಯಾದೆ ಕೇಳುತ್ತದೆ. ಆ ಸಿಗಡಿ ಹಿಡಿದವರು, ನೀರಿನ ಉಪ್ಪು ಅಳೆದವರು ಅವರು. ಎಷ್ಟೋ ಸಲ ಫೈಲ್‌ನಲ್ಲಿ ಇಲ್ಲದ ಮಾಹಿತಿ ಅವರ ನೋಟ್‌ಬುಕ್‌ನಲ್ಲಿರುತ್ತದೆ. ಬೇರೆಯವರ ಡೇಟಾದಿಂದ ಜೋಡಿಸಿದ ಸೀಕ್ವೆನ್ಸ್ ಇಡುವುದಕ್ಕೆ ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸೀಕ್ವೆನ್ಸ್ ಭಂಡಾರದಲ್ಲಿ ಥರ್ಡ್ ಪಾರ್ಟಿ ಆನೊಟೇಷನ್ ಎಂಬ ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಮೂಲ ರನ್ ನಂಬರ್ ಕೊಡಬೇಕು. ವೈರಸ್‌ಗಳ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿಯೂ ಬರೀ ಸೀಕ್ವೆನ್ಸ್‌ನಿಂದ ತಿಳಿದ ವೈರಸ್‌ಗಳನ್ನು ಒಪ್ಪುತ್ತದೆ. 2017ರಲ್ಲಿ ಪ್ರಕಟವಾದ ಒಮ್ಮತದ ಹೇಳಿಕೆ ಇದಕ್ಕೆ ದಾರಿ ಮಾಡಿತು. ಆದರೆ ಅದು ರೋಗ ತರುತ್ತದೆ ಎಂದು ನೀವು ಬರೆಯುವಂತಿಲ್ಲ. ಅದಕ್ಕೆ ಜೀವಂತ ಸಿಗಡಿ ಬೇಕು, ಲ್ಯಾಬ್ ಬೇಕು. ಮನುಷ್ಯರ ವೈರಸ್ ಬೆಳೆಸುವ ಹಾಗೆ ಸಿಗಡಿ ವೈರಸ್ ಬೆಳೆಸಲು ಎಲ್ಲರ ಕೈಗೆ ಸಿಗುವಂಥ ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೆಯುತ್ತಲೇ ಇರುವ ಜೀವಕೋಶಗಳು) ದಶಕಗಳ ಪ್ರಯತ್ನದ ನಂತರವೂ ಬಂದಿಲ್ಲ. ಹಾಗಾಗಿ ಆ ಕೆಲಸ ನಿಧಾನ. ಮುಂಬೈಯ ವರ್ಸೋವಾದಲ್ಲಿರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಂಥ ಕಡೆ ಸಿಗಡಿ ರೋಗಗಳನ್ನೇ ಓದುವವರಿದ್ದಾರೆ. ನಿಮ್ಮದೇ ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಕೈಯಲ್ಲಿ ಪಕ್ಕಾ ಫಲಿತಾಂಶ ಹಿಡಿದು ಹೋಗಿ ಬಾಗಿಲು ತಟ್ಟಿ.

ಈಗ ಕಾಕಾನ ಪ್ರಶ್ನೆ. ಬಿಳಿ ಚುಕ್ಕೆ ವೈರಸ್ ಮನುಷ್ಯರಿಗೆ ತಗಲುವುದಿಲ್ಲ, ಹೀಗೆಂದು ಧೈರ್ಯವಾಗಿ ಹೇಳಿ. ಚೆನ್ನಾಗಿ ಬೇಯಿಸಿದ ಸಿಗಡಿ ತಿನ್ನಲು ಈ ವೈರಸ್‌ನಿಂದ ಹೆದರಬೇಕಿಲ್ಲ. ಆದರೆ ಕ್ರಸ್ಟೇಶಿಯನ್ ವೈರಸ್ ಯಾವುದೂ ಮನುಷ್ಯರನ್ನು ಮುಟ್ಟುವುದೇ ಇಲ್ಲ ಎಂದು ನಾನು ಹೇಳಲಾರೆ. ಕಣ್ಣಿನ ಒತ್ತಡ ಏರಿ ಉರಿಯೂತ ಬರುವ ಒಂದು ಕಾಯಿಲೆಗೂ ಸಿಗಡಿಯ ಒಂದು ನೋಡಾವೈರಸ್‌ಗೂ ನಂಟಿದೆ ಎಂದು ಚೀನಾದ ಸಂಶೋಧಕರು 2019ರಲ್ಲಿ ವರದಿ ಮಾಡಿದರು. ಬರಿಗೈಯಲ್ಲಿ ಸಮುದ್ರದ ಪ್ರಾಣಿಗಳನ್ನು ಸ್ವಚ್ಛ ಮಾಡುವವರು ಮತ್ತು ಹಸಿಯಾಗಿ ತಿನ್ನುವವರಲ್ಲಿ ಅದನ್ನು ಕಂಡರು. ಕಾಕಾ ಸಿಗಡಿ ಸುಲಿಯುವಾಗ ಕೈಗವಸು ಹಾಕಲಿ, ಕೊಂಬು ಚುಚ್ಚಿದರೆ ತಕ್ಷಣ ತೊಳೆಯಲಿ, ಹಸಿಯದ್ದು ತಿನ್ನದಿರಲಿ.

ನನಗೇನು ಬಂತು ಎನ್ನುತ್ತಾರಲ್ಲ, ಅದಕ್ಕೂ ನೇರ ಉತ್ತರ ಇದೆ. ಪಿಸಿಆರ್ ಪರೀಕ್ಷೆ ಹುಡುಕುವುದು ಅಕ್ಷರ ಗೊತ್ತಿರುವ ವೈರಸ್ಸನ್ನು ಮಾತ್ರ. ಬಿಳಿ ಚುಕ್ಕೆ ರೋಗ ಪೂರ್ವ ಏಷ್ಯಾದಲ್ಲಿ 1992ರ ಸುಮಾರಿಗೆ ಶುರುವಾಗಿ 1994ರಲ್ಲಿ ನಮ್ಮ ದೇಶಕ್ಕೆ ಬಂತು. ಅದರ ಪೂರ್ತಿ ಜೀನೋಮ್ ಪ್ರಕಟವಾದದ್ದು 2001ರಲ್ಲಿ. ಆ ನಡುವೆ ಎಷ್ಟು ಕೆರೆಗಳು ಹಾಳಾದವು! ಮುಂದಿನ ವೈರಸ್ ಬರುವ ಮೊದಲೇ ಅದರ ಅಕ್ಷರ ನಮ್ಮ ಹತ್ತಿರ ಇದ್ದರೆ ಪರೀಕ್ಷೆ ವಾರಗಳಲ್ಲಿ ಸಿದ್ಧವಾಗುತ್ತದೆ.

ಈ ವರ್ಷಕ್ಕೆ ಮಾತ್ರ ನಿಮ್ಮ ಹೊಸ ವೈರಸ್ ಅವರಿಗೆ ಉಪಯೋಗವಿಲ್ಲ, ಅದನ್ನು ಮುಚ್ಚಿಡಬೇಡಿ. ಬಿಳಿ ಚುಕ್ಕೆಗೆ ಔಷಧಿ ಇಲ್ಲ. ಪಿಸಿಆರ್ ಮಾಡಿಸಿದ ಮರಿಗಳನ್ನೇ ತರಬೇಕು. ಖಜಾನ್ ಕೆರೆಗೆ ಉಬ್ಬರದ ನೀರು ಮಾನಸ್ ಎಂಬ ತೂಬಿನ ಬಾಗಿಲಿನಿಂದ ಬರುತ್ತದೆ, ಜೊತೆಗೆ ಕಾಡು ಸಿಗಡಿ, ಏಡಿಗಳೂ ಬರುತ್ತವೆ. ಈ ವೈರಸ್ ಅವುಗಳಲ್ಲಿ ಸದ್ದಿಲ್ಲದೆ ಇರಬಲ್ಲದು. ಅಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಲಿ, ಬದುವಿನ ಸುತ್ತ ಏಡಿ ಹತ್ತದ ಹಾಗೆ ತಡೆ ಹಾಕಲಿ. ಸಿಗಡಿ ದಡಕ್ಕೆ ಬರತೊಡಗಿದರೆ, ಮೇವು ಬಿಟ್ಟರೆ, ಒಂದನ್ನು ಹಿಡಿದು ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿಯಲಿ. ಒಳಮೈಯಲ್ಲಿ ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳಿದ್ದು, ಉಗುರಿನಿಂದ ಉಜ್ಜಿದರೂ ಹೋಗದಿದ್ದರೆ ಅನುಮಾನ ಗಟ್ಟಿ. ಮೂರರಿಂದ ಹತ್ತು ದಿನದಲ್ಲಿ ಇಡೀ ಕೆರೆ ಹೋಗಬಹುದು. ಆಗ ಬಾಗಿಲು ಹಾಕಿ ನೀರು ಹೊರಗೆ ಬಿಡದೆ, ಅಕ್ಕಪಕ್ಕದವರಿಗೆ ಹೇಳಿ, ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು.

ನೀವು ಆಗ ಒಂದು ಕೆಲಸ ಮಾಡಿ. ಒದ್ದಾಡುತ್ತಿರುವ ಐದಾರು ಸಿಗಡಿಗಳ ಕಿವಿರು ಮತ್ತು ಈಜು ಕಾಲುಗಳನ್ನು ಕತ್ತರಿಸಿ 95 ಶೇಕಡಾ ಆಲ್ಕೋಹಾಲ್‌ನಲ್ಲಿ ಹಾಕಿ, ಸೀಸದ ಪೆನ್ಸಿಲಿನಲ್ಲಿ ತಾರೀಕು, ಕೆರೆಯ ಹೆಸರು ಬರೆದ ಚೀಟಿಯನ್ನು ಬಾಟಲಿಯೊಳಗೇ ಇಡಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಅಳಿಸಿಹೋಗುತ್ತದೆ. ಹೆಪಟೊಪ್ಯಾಂಕ್ರಿಯಾಸ್ ಬೇರೆ ಬಾಟಲಿಗೆ ಹಾಕಿ, ಬಿಳಿ ಚುಕ್ಕೆ ವೈರಸ್ ಹುಡುಕಲು ಅದು ಒಳ್ಳೆಯ ಜಾಗವಲ್ಲ, ಬೇರೆ ವೈರಸ್‌ಗಳಿಗೆ ಬೇಕಾಗುತ್ತದೆ.

ಅಲ್ಲಿಯವರೆಗೆ ಅಭ್ಯಾಸಕ್ಕೆ ಒಂದು ಏಡಿಯ ರನ್ ಆರಿಸಿಕೊಳ್ಳಿ. ವನ್ನಮೈ ಬೇಡ, ಅದನ್ನು ಬಹಳ ಜನ ಜಾಲಾಡಿದ್ದಾರೆ. ಗೋವಾದವರು ಕುರ್ಲಿ ಎನ್ನುವ ಕೆಸರು ಏಡಿ ತೆಗೆದುಕೊಳ್ಳಿ. ರೈಬೋಸೋಮ್ ತೆಗೆದ, ಅದರ ಜೊತೆಯ ಸ್ಯಾಂಪಲ್‌ಗಳು ಕನಿಷ್ಠ ಮೂರಾದರೂ ಇರುವ ರನ್ ಆಗಿರಲಿ. ಮೊದಲ ಕಾಂಟಿಗ್ ಸಿಕ್ಕಾಗ ಅದರ ಹೆಸರು ಕಳಿಸಬೇಡಿ, ರೀಡ್‌ಗಳನ್ನು ಅದರ ಮೇಲೆ ಕೂರಿಸಿದ ಚಿತ್ರ ಕಳಿಸಿ. ಇಬ್ಬರೂ ಕೂತು ನೋಡೋಣ.